ಬರೇ ಪವರ್ ಕೊಟ್ಟು ನೋಡು

ಹೊಸ ಮಿಕ್ಸಿ ಮನೆಗೆ ಬಂದಾಗ ಅದರ ಜೊತೆಗಿರುವ ಕೈಪಿಡಿಯನ್ನು ಪೂರ್ತಿ ಓದಿ, ಆಮೇಲೆ ಪ್ಲಗ್ಗು ಮುಟ್ಟಿದ ಪುಣ್ಯಾತ್ಮರು ಯಾರಾದರೂ ಇದ್ದರೆ ಈ ಲೇಖನ ಅವರಿಗಲ್ಲ. ಅವರು ಪುಟ ಮಗುಚಿ ಪದಬಂಧಕ್ಕೆ ಹೋಗಬಹುದು. ಇದು ನನ್ನ ನಿಮ್ಮಂಥವರಿಗೆ. ಅಂದರೆ, ಮೊದಲು ಸ್ವಿಚ್ಚು ಒತ್ತಿ, ಸುಟ್ಟ ವಾಸನೆ ಬಂದ ಮೇಲೆ ರದ್ದಿ ರಾಶಿಯಲ್ಲಿ ಕೈಪಿಡಿ ಹುಡುಕಿ, ತೆರೆದ ಪುಟ ಫ್ರೆಂಚಿನಲ್ಲಿರುವುದನ್ನು ಕಂಡು ಸುಮ್ಮನಾಗುವವರಿಗೆ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಫರ್ಮ್‌ವೇರ್ ಬರೆಯುವವನು. ಚಿಪ್ಪಿಗೆ ಬೇಕಾದ ಕರೆಂಟು ಹೇಗೋ ಬಂದಿರುತ್ತದೆ ಎಂಬ ನಂಬಿಕೆಯ ಮೇಲೆ ಜೀವನ ಕಟ್ಟಿಕೊಂಡವನು. ಕರೆಂಟನ್ನು ತಂದು ನಿಲ್ಲಿಸುವ ಕೆಲಸ ಹಾರ್ಡ್‌ವೇರ್‌ನವರದು. ನಮ್ಮ ತಂಡದ ಹಾರ್ಡ್‌ವೇರ್ ಗೆಳೆಯ ತಂಗಿಯ ಮದುವೆಗೆಂದು ಶಿರಸಿಗೆ ಹೊರಟ ದಿನವೇ ಪವರ್ ಮ್ಯಾನೇಜ್‌ಮೆಂಟ್ ಚಿಪ್ಪಿನ ಇವ್ಯಾಲ್ಯುಯೇಶನ್ ಬೋರ್ಡು ಬಂದಿಳಿಯಿತು. ಆತ ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಲೇ, “ಎಂಥದೂ ಇಲ್ಲ ಮಾರಾಯ, ಬರೇ ಪವರ್ ಕೊಟ್ಟು ನೋಡು. ಅರ್ಧ ಗಂಟೆ ಕೆಲಸ” ಅಂದ. ಪಕ್ಕದಲ್ಲಿದ್ದ ಮ್ಯಾನೇಜರಿಗೆ ಕೇಳುವಂತೆ ನಾನು, “ಅರ್ಧ ಗಂಟೆ ಯಾಕೆ, ಇಪ್ಪತ್ತು ನಿಮಿಷ ಸಾಕು” ಅಂದೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಪವರ್ ಮ್ಯಾನೇಜ್‌ಮೆಂಟ್ ಚಿಪ್ಪು ಎಂದರೆ ಕೂಡುಕುಟುಂಬದ ಅಡುಗೆಮನೆಯ ಅಜ್ಜಿ. ಪಾತ್ರೆಯಲ್ಲಿರುವುದು ಒಂದೇ, ಬ್ಯಾಟರಿಯಿಂದ ಬರುವ ಮೂರೂವರೆ ನಾಲ್ಕು ವೋಲ್ಟು. ಬಡಿಸುವಾಗ ಮಾತ್ರ ಒಂದೊಂದು ಎಲೆಗೂ ಬೇರೆ ಲೆಕ್ಕ. ಪ್ರೊಸೆಸರಿಗೆ 0.9 ವೋಲ್ಟು ಸಾಕು, ಆದರೆ ಆಂಪಿಯರ್‌ಗಟ್ಟಲೆ ಸುರಿಯಬೇಕು. ಮೆಮೊರಿಗೆ 1.1, ಸೆನ್ಸರುಗಳಿಗೆ 1.8. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಸರದಿ ತಪ್ಪಿದರೆ ಪಂಕ್ತಿಯಲ್ಲಿ ರಾದ್ಧಾಂತ. ಇಷ್ಟನ್ನೂ ಸಂಭಾಳಿಸುವ ಚಿಪ್ಪಿನ ಅಗಲ ಸುಮಾರು 5 ಮಿಲಿಮೀಟರು. ತಯಾರಿಸಿದವರೇ ಅದನ್ನು ಅಂಗೈಯಗಲದ ಬೋರ್ಡಿನ ಮೇಲೆ ಕೂರಿಸಿ, ಸುತ್ತಮುತ್ತ ಇಂಡಕ್ಟರು ಕೆಪಾಸಿಟರುಗಳನ್ನೆಲ್ಲ ಜೋಡಿಸಿ, ಎಲ್ಲಿ ಪ್ಲಸ್ಸು ಎಲ್ಲಿ ಮೈನಸ್ಸು ಎಂದು ಬಿಳಿ ಅಕ್ಷರದಲ್ಲಿ ಬರೆದು, ತಪ್ಪು ಮಾಡಲು ಜಾಗವೇ ಇಲ್ಲದಂತೆ ಕಳಿಸಿರುತ್ತಾರೆ. ಆ ಇಲ್ಲದ ಜಾಗ ನನಗೆ ಮೊದಲ ಐದು ನಿಮಿಷದಲ್ಲೇ ಸಿಕ್ಕಿತು.

ಬೋರ್ಡಿನ ನಾಲ್ಕು ಮೂಲೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಾಲುಗಳು ಪೆಟ್ಟಿಗೆಯೊಳಗೆ ಪುಟ್ಟ ಪೊಟ್ಟಣದಲ್ಲಿದ್ದವು. ಪಾಪ, ಬಿಡಿಭಾಗ ಹೆಚ್ಚಾಗಿ ಕಳಿಸಿದ್ದಾರೆ ಎಂದು ಡ್ರಾಯರಿಗೆ ಹಾಕಿದೆ. ಮೇಜಿನ ಮೇಲೆ ನಾನೇ ಚೆಲ್ಲಿದ್ದ ಕಾಫಿ ಇನ್ನೂ ಆರಿರಲಿಲ್ಲ. ಬೋರ್ಡು ಒದ್ದೆಯಾಗಬಾರದೆಂಬ ಕಾಳಜಿಯಿಂದ ನನ್ನ ಊಟದ ಡಬ್ಬಿಯ ಮುಚ್ಚಳವನ್ನು ಕವುಚಿ, ಅದರ ಮೇಲೆ ಬೋರ್ಡನ್ನು ಪ್ರತಿಷ್ಠಾಪಿಸಿದೆ. ಅಪ್ಪಟ ಸ್ಟೀಲಿನ ಮುಚ್ಚಳ. ಬೋರ್ಡಿನ ಬೆನ್ನಿಗೆ ಚಾಚಿಕೊಂಡಿದ್ದ ಪಿನ್ನುಗಳೆಲ್ಲ ಜಾತಿ ಮತ ಭೇದವಿಲ್ಲದೆ ಅದರ ಮೇಲೆ ಒಟ್ಟಿಗೆ ಕೂತವು. ಪವರ್ ಸಪ್ಲೈ ಆನ್ ಮಾಡಿದೆ. ಕೆಂಪು ದೀಪ ಹತ್ತಿತು. ಶಾರ್ಟ್ ಆಗಿದೆ, ನಿಗದಿಪಡಿಸಿದ ಕರೆಂಟಿನ ಮಿತಿ ಮುಟ್ಟಿದೆ, ಇನ್ನು ನನ್ನಿಂದಾಗದು ಎಂದು ಸಪ್ಲೈ ಕೈಚೆಲ್ಲಿದಾಗ ಹತ್ತುವ ದೀಪ ಅದು. ನಾನು ದೀಪ ಹತ್ತಿತಲ್ಲ, ಶುಭವಾಯಿತು ಎಂದುಕೊಂಡೆ. ಆ ದಾರಿಯಲ್ಲಿ ಹೋಗುತ್ತಿದ್ದ ಇಂಟರ್ನ್ ಹುಡುಗಿ ಒಂದು ಕ್ಷಣ ನಿಂತಳು. ಏನೂ ಹೇಳದೆ ಬೋರ್ಡನ್ನೆತ್ತಿ ರಬ್ಬರ್ ಮ್ಯಾಟಿನ ಮೇಲಿಟ್ಟಳು. ಮುಚ್ಚಳವನ್ನು ಒರೆಸಿ ನನ್ನ ಡಬ್ಬಿಗೆ ಮುಚ್ಚಿ ಹೋದಳು. ಅವಳು ಎರಡು ಮಾತು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅಷ್ಟಾದರೂ ನನಗೆ ಸಪ್ಲೈ ಮೇಲೆಯೇ ಅನುಮಾನ. ಮಲ್ಟಿಮೀಟರು ತಂದು ನೇರ ಅದರ ಬಾಯಿಗೇ ಹಿಡಿದೆ. ಸೊನ್ನೆ ವೋಲ್ಟು. ಮೀಟರು ಕೀ ಕೀ ಎಂದು ಕಿರುಚಿತು. ಬ್ಯಾಟರಿ ಇಳಿದಿರಬೇಕು ಎಂದು ಹೊಸ ಬ್ಯಾಟರಿ ಹಾಕಿದೆ. ಇನ್ನೂ ಜೋರಾಗಿ ಕಿರುಚಿತು. ಪಕ್ಕದ ಮೇಜಿನ ಸಪ್ಲೈ ನೋಡಿದೆ, ಅದೂ ಸೊನ್ನೆ. ಅದರಾಚೆಯದು, ಸೊನ್ನೆ. ಇಡೀ ಲ್ಯಾಬಿನ ದುಃಸ್ಥಿತಿ ಕಂಡು ಕರುಳು ಚುರುಕ್ಕೆಂದು, ಒಂದೊಂದಕ್ಕೂ “ಕೆಟ್ಟಿದೆ” ಎಂಬ ಚೀಟಿ ಅಂಟಿಸುತ್ತಾ ಹೋದೆ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಇಂಟರ್ನ್ ಮತ್ತೆ ಬಂದು, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಅಂತ ಬರೆದಿದ್ದ ತೂತಿನಿಂದ ಕಿತ್ತು ವೋಲ್ಟಿನ ತೂತಿಗೆ ಸಿಕ್ಕಿಸಿದಳು. ಕರೆಂಟು ಅಳೆಯುವ ತೂತಿನಲ್ಲಿ ವೈರಿಟ್ಟು ವೋಲ್ಟೇಜು ಅಳೆಯಹೊರಟರೆ ಮೀಟರೇ ಒಂದು ದಪ್ಪ ತಂತಿಯಾಗಿ ಸಪ್ಲೈಯನ್ನು ಶಾರ್ಟ್ ಮಾಡುತ್ತದಂತೆ. ಕಿರುಚಾಟ ಅದಕ್ಕೇ. ಆ ಚೀಟಿಗಳ ಅಂಟು ಮಾತ್ರ ಭಾರಿ ಗಟ್ಟಿ ಇತ್ತು. ಕೆಲವು ಸಪ್ಲೈಗಳ ಮೇಲೆ “ಕೆಟ್ಟಿ” ಎಂಬಷ್ಟು ಇಂದಿಗೂ ಉಳಿದಿದೆ.

ಇಷ್ಟಾದ ಮೇಲೆ ಬಂತು ನನ್ನ ಬದುಕಿನ ಅತ್ಯಂತ ಹೆಮ್ಮೆಯ ಗಳಿಗೆ. ಮ್ಯಾಟಿನ ಮೇಲೆ ಬೋರ್ಡು, ಸರಿಯಾದ ತೂತಿನಲ್ಲಿ ಮೀಟರು, 3.6 ವೋಲ್ಟಿಗೆ ಸಪ್ಲೈ. ಗುಂಡಿ ಒತ್ತಿದೆ. ಬೋರ್ಡಿನ ಹಸಿರು ಎಲ್‌ಇಡಿ ಮಿಣುಕ್ ಮಿಣುಕ್ ಎಂದಿತು! ಫರ್ಮ್‌ವೇರ್ ಲೋಕದಲ್ಲಿ ಮಿಣುಕುವ ದೀಪಕ್ಕಿಂತ ದೊಡ್ಡ ಶುಭಶಕುನವಿಲ್ಲ. ಪ್ರೋಗ್ರಾಂ ಜೀವಂತವಾಗಿದೆ ಎಂದು ತೋರಿಸಲು ನಾವೇ ಹಾಗೆ ಮಿಣುಕಿಸುತ್ತೇವೆ, ಹಾರ್ಟ್‌ಬೀಟ್ ಅನ್ನುತ್ತೇವೆ. ತಕ್ಷಣ ವಿಡಿಯೊ ಮಾಡಿ “ಇಟ್ಸ್ ಅಲೈವ್, ಹಾರ್ಟ್‌ಬೀಟ್ ನೋಡಿ” ಎಂದು ಆಫೀಸಿನ ಗುಂಪಿಗೆ ಹಾಕಿದೆ. ಮ್ಯಾನೇಜರು ಅದನ್ನು ಅವರ ಮ್ಯಾನೇಜರಿಗೆ ಕಳಿಸಿದರು, ಅವರು ಇನ್ನೂ ಮೇಲಕ್ಕೆ. ಮೊಬೈಲಿನ ತುಂಬ ಚಪ್ಪಾಳೆ, ಹೃದಯದ ಚಿತ್ರಗಳು. ಹಿಂದೆಂದೂ ನನ್ನನ್ನು ಮಾತಾಡಿಸದ ದೊಡ್ಡವರೊಬ್ಬರು “ಬ್ರಾವೋ” ಎಂದಿದ್ದರು. ನಾನು ವಿನಯದಿಂದ “ಟೀಮ್ ಎಫರ್ಟ್” ಅಂತ ಬರೆದೆ.

ಆಮೇಲೆ ಶಿರಸಿಯಿಂದ ಫೋನು. ಹಿಂದೆ ವಾಲಗ ಜೋರಾಗಿತ್ತು. ಗೆಳೆಯ ಕಿರುಚಿದ: “ಮಾರಾಯ, ಆ ಬೋರ್ಡಲ್ಲಿ ಮೈಕ್ರೊಕಂಟ್ರೋಲರೇ ಇಲ್ಲ! ಯಾವ ಹಾರ್ಟು? ಎಂಥ ಬೀಟು?”

ನಡೆದದ್ದು ಇಷ್ಟು. ಹಿಂದೆ ಆ ಸಪ್ಲೈ ಬಳಸಿದ ಎಚ್ಚರಿಕೆಯ ಮನುಷ್ಯರು ಕರೆಂಟಿನ ಮಿತಿಯನ್ನು 50 ಮಿಲಿಆಂಪಿಯರಿಗೆ ಇಟ್ಟುಹೋಗಿದ್ದರು. ಮುಚ್ಚಳದ ಪ್ರಸಂಗದಲ್ಲಿ ಬೋರ್ಡಿನ ಜೀವ ಉಳಿಸಿದ್ದೂ ಅದೇ. ಈಗ ಚಿಪ್ಪು ಎದ್ದು ತನ್ನ ಔಟ್‌ಪುಟ್ಟುಗಳನ್ನು ತುಂಬಿಸಲು ಹೋದರೆ ಅಷ್ಟು ಕರೆಂಟು ಸಾಲದು. ಸಪ್ಲೈ ವೋಲ್ಟೇಜು ಕುಸಿಯುತ್ತದೆ. ಇಷ್ಟಕ್ಕಿಂತ ಕೆಳಗಿಳಿದರೆ ಕೆಲಸ ಮಾಡಕೂಡದು ಎಂದು ಚಿಪ್ಪಿಗೆ ಒಂದು ಗೆರೆ ಹಾಕಿರುತ್ತಾರೆ, ಅಲ್ಲಿಗಿಳಿದೊಡನೆ ಅದು ಕಣ್ಮುಚ್ಚುತ್ತದೆ. ಹೊರೆ ಹೋಯಿತಲ್ಲ, ವೋಲ್ಟೇಜು ಮತ್ತೆ ಏರುತ್ತದೆ, ಚಿಪ್ಪು ಮತ್ತೆ ಕಣ್ಬಿಡುತ್ತದೆ, ಮತ್ತೆ ಬೀಳುತ್ತದೆ. ಬಡಪಾಯಿ ಚಿಪ್ಪು ಸೆಕೆಂಡಿಗೆರಡು ಬಾರಿ ಸತ್ತು ಹುಟ್ಟುತ್ತಿತ್ತು. ಅದರ ಪ್ರಾಣಸಂಕಟವನ್ನು ನಾನು ಚಿತ್ರೀಕರಿಸಿ, ಮೂರು ದೇಶಗಳ ಅಧಿಕಾರಿಗಳಿಂದ ಚಪ್ಪಾಳೆ ತಟ್ಟಿಸಿದ್ದೆ. ವಿಡಿಯೊ ಅಳಿಸೋಣವೆಂದು ಹೋದರೆ ಯಾರೋ ಅಭಿಮಾನದಿಂದ ಅದನ್ನು ಗುಂಪಿನ ತಲೆಗೇ ಪಿನ್ ಮಾಡಿದ್ದರು.

ಸಿಟ್ಟು ಬಂತು. ಸಿಟ್ಟಿನಲ್ಲಿ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಕರೆಂಟಿನ ಮಿತಿಯ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿಬಿಟ್ಟೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೀಪ ಈಗ ನಿಶ್ಚಲವಾಗಿ ಉರಿಯಿತು. ಆದರೆ ಔಟ್‌ಪುಟ್ಟಿಗೆ ಒಂದಿಷ್ಟು ಲೋಡು ಹಾಕಿದ ಕೂಡಲೇ ಚಿಪ್ಪು ಮತ್ತೆ ಮಲಗಿತು. ಸಪ್ಲೈಯ ಪರದೆ ಮೇಲೆ 3.6 ಎಂದಿದೆ, ಬೋರ್ಡಿನ ಬಾಯಲ್ಲಿ ಅಳೆದರೆ 2.6. ಮಧ್ಯದಲ್ಲಿ ಒಂದು ವೋಲ್ಟು ತಿಂದವರ್ಯಾರು? ನಾನು ಬಳಸಿದ್ದು ಡ್ರಾಯರಿನಲ್ಲಿ ಸಿಕ್ಕ ಕೂದಲೆಳೆಯಂಥ ವೈರು. ಹೋಗುವ ಬರುವ ದಾರಿ, ಕ್ಲಿಪ್ಪುಗಳ ಹಿಡಿತ ಎಲ್ಲ ಸೇರಿ ಅರ್ಧ ಓಮ್ ರೆಸಿಸ್ಟೆನ್ಸು. ಎರಡು ಆಂಪಿಯರು ಹರಿದರೆ ಒಂದು ವೋಲ್ಟು ದಾರಿಯಲ್ಲೇ ಸ್ವಾಹಾ. ಅದೂ ಅಲ್ಲದೆ ಚಿಪ್ಪಿನೊಳಗಿರುವ ಈ ಜಾತಿಯ ಕನ್ವರ್ಟರಿಗೆ ವೋಲ್ಟೇಜು ಕಡಿಮೆ ಕೊಟ್ಟಷ್ಟೂ ಕರೆಂಟು ಹೆಚ್ಚು ಎಳೆಯುವ ಚಟ. ಹೆಚ್ಚು ಎಳೆದಷ್ಟೂ ವೈರಿನಲ್ಲಿ ನಷ್ಟ ಹೆಚ್ಚು. 1902ರಲ್ಲಿ, ನಮ್ಮ ಮುತ್ತಾತಂದಿರು ಪಂಚೆ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತು ಮುಟ್ಟಿಸಿದ್ದರು. ವೋಲ್ಟೇಜು ಏರಿಸಿ ಕರೆಂಟು ಇಳಿಸಿದರೆ ತಂತಿಯಲ್ಲಿ ನಷ್ಟ ಕಡಿಮೆ ಎಂದು ಅವರಿಗೆ ಗೊತ್ತಿತ್ತು. ಅದೇ ನಾಡಿನಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ನನಗೆ ಮೇಜಿನ ಈ ತುದಿಯಿಂದ ಆ ತುದಿಗೆ ಮುಟ್ಟಿಸಲಾಗಲಿಲ್ಲ.

ದಪ್ಪ ವೈರು ತರಲು ಎಸ್‌.ಪಿ. ರಸ್ತೆಗೆ ಹೋದೆ. ಅಂಗಡಿಯವರು ಮರ್ಯಾದೆಯಿಂದ, “ಎಷ್ಟು ಆಂಪ್ಸಿಗೆ ಸಾರ್? ಯಾವ ಗೇಜು?” ಎಂದರು. ನಾನು ಗಂಭೀರವಾಗಿ, “ಚೆನ್ನಾಗಿರೋದು ಕೊಡಿ” ಎಂದೆ. ಅವರು ನನ್ನ ಕೊರಳಲ್ಲಿ ನೇತಾಡುತ್ತಿದ್ದ ಐಡಿ ಕಾರ್ಡಿನಲ್ಲಿ “ಪ್ರಿನ್ಸಿಪಲ್ ಎಂಜಿನಿಯರ್” ಎಂದಿರುವುದನ್ನು ನಿಧಾನವಾಗಿ ಓದಿದರು. ನಾನು ಕಾರ್ಡನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ. “ಇರಲಿ” ಅಂತ ಉದ್ದಕ್ಕೇ ತಂದೆ. ಇದನ್ನೂ ನೆನಪಿಟ್ಟುಕೊಳ್ಳಿ.

ಮುಂದಿನದು ನನ್ನದೇ ಇಲಾಖೆ. ಲ್ಯಾಪ್‌ಟಾಪಿನಿಂದ ಚಿಪ್ಪಿನ ಜೊತೆ ಮಾತಾಡುವುದು. ಮಾತಾಡುವ ದಾರಿ ಐ-ಸ್ಕ್ವೇರ್-ಸಿ, 1982ರಲ್ಲಿ ಫಿಲಿಪ್ಸ್‌ನವರು ಹುಟ್ಟಿಸಿದ ಎರಡೇ ತಂತಿಯ ಏರ್ಪಾಟು. ಚಿಪ್ಪಿನ ವಿಳಾಸ ಕೂಗಿದರೆ ಅದು ಓ ಎನ್ನಬೇಕು. ಡೇಟಾಶೀಟಿನಲ್ಲಿದ್ದ ವಿಳಾಸ ಹೆಕ್ಸ್ 48. ಕೂಗಿದೆ, ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ತಂತಿ ಅದಲುಬದಲು ಮಾಡಿ ಕೂಗಿದೆ. ಲ್ಯಾಪ್‌ಟಾಪು ರೀಸ್ಟಾರ್ಟ್ ಮಾಡಿ ಕೂಗಿದೆ. ಕೊನೆಗೆ ನಿಜವಾಗಿಯೂ ಬಾಯಿಬಿಟ್ಟು ಕೂಗಿದೆ, ಲ್ಯಾಬಿನವರೆಲ್ಲ ತಿರುಗಿ ನೋಡಿದರು. ಇಂಟರ್ನ್ ಬಂದು, “ಸರ್, ಇದು ಓದು-ಬರಹದ ಬಿಟ್ಟೂ ಸೇರಿದ ಎಂಟು ಬಿಟ್ಟಿನ ವಿಳಾಸ. ಸಾಫ್ಟ್‌ವೇರ್ ಕೇಳ್ತಿರೋದು ಏಳು ಬಿಟ್ಟಿಂದು. ಹೆಕ್ಸ್ 24 ಹಾಕಿ” ಎಂದಳು. ನಿನಗೆ ಇದು ಹೇಗೆ ಗೊತ್ತು ಎಂದು ಕೇಳಿದ್ದು ನನ್ನ ದುರ್ಬುದ್ಧಿ. “ಹೊಸಬರಿಗೆ ನೀವೇ ಸೆಮಿನಾರು ಕೊಟ್ಟಿದ್ರಲ್ಲ ಸರ್. ಎಲ್ಲರೂ ಮಾಡೋ ತಪ್ಪು ಅಂತ ಒಂದು ಇಡೀ ಸ್ಲೈಡು ಇತ್ತು.”

ಹೆಕ್ಸ್ 24ಕ್ಕೂ ಉತ್ತರ ಬರಲಿಲ್ಲ. ಅದಕ್ಕೆ ಕಾರಣ ಒಂದು ಜಂಪರು. ತಂತಿಗಳೆರಡನ್ನೂ ಮೇಲಕ್ಕೆ ಎತ್ತಿಹಿಡಿಯುವ ಪುಲ್-ಅಪ್ ರೆಸಿಸ್ಟರುಗಳಿಗೆ ವೋಲ್ಟೇಜು ಕೊಡುವ, ಅಕ್ಕಿಕಾಳಿಗಿಂತ ತುಸು ದೊಡ್ಡ ಕಪ್ಪು ಟೋಪಿ. ತೆಗೆದರೆ ಏನಾಗುತ್ತದೆ ನೋಡೋಣ ಎಂದು ನಾನೇ ಕಿತ್ತಿದ್ದೆ. ಏನಾಗುತ್ತದೆಂದರೆ, ಅದು ಬೆರಳಿಂದ ಚಿಮ್ಮಿ ಕಾಣೆಯಾಗುತ್ತದೆ. ಮೊಬೈಲ್ ಟಾರ್ಚು ಹಿಡಿದು ಮೇಜಿನಡಿ ತೆವಳಿದೆ. ಅಲ್ಲಿ ನನಗೆ ಸಿಕ್ಕಿದ್ದು: ಯಾರದೋ ಪೆನ್ನಿನ ಮುಚ್ಚಳ, ಒಂದು ರೂಪಾಯಿ, ಹಳೆಯ ಚಕ್ಕುಲಿಯ ತುಂಡು. ಜಂಪರಿಲ್ಲ. ಆಗ ಬಾಗಿಲ ಕಡೆಯಿಂದ ಮ್ಯಾನೇಜರ ಧ್ವನಿ, “ಬನ್ನಿ, ನಿಮಗೆ ನಮ್ಮ ಪವರ್ ಎಕ್ಸ್‌ಪರ್ಟ್ ಪರಿಚಯ ಮಾಡಿಸ್ತೀನಿ. ಹಾರ್ಟ್‌ಬೀಟ್ ವಿಡಿಯೊ ಇವರದೇ.” ನನ್ನ ಮೂಗಿನ ಮುಂದೆ ಮಿರಿಮಿರಿ ಮಿಂಚುವ ಬೂಟುಗಳು ಸಾಲಾಗಿ ಬಂದು ನಿಂತವು. ಉಸಿರು ಬಿಗಿಹಿಡಿದರೆ ಹೋಗಿಬಿಡುತ್ತಾರೆ ಎಂದುಕೊಂಡೆ. ಟಾರ್ಚು ಆರಿಸುವುದು ಮರೆತಿದ್ದೆ, ಮೇಜಿನಡಿ ದೀಪೋತ್ಸವ. ಎದ್ದೇಳಲು ಹೋಗಿ ತಲೆ ಮೇಜಿಗೆ ಬಡಿದು, ಮೇಲಿದ್ದ ಉಳಿದ ಕಾಫಿ ಉರುಳಿ, ಒಂದು ಜೊತೆ ಬೂಟಿಗೆ ಅಭಿಷೇಕವಾಯಿತು. ಆ ಬೂಟಿನ ಒಡೆಯರು ಬಹಳ ಸಜ್ಜನರು. ಕೂತಲ್ಲೇ ಕೈಕುಲುಕಲಿ ಎಂದು ತಾವೇ ಬಗ್ಗಿದರು. ಕುಲುಕಿದಾಗ ಇಬ್ಬರಿಗೂ ಚಟ್ ಎಂದು ಶಾಕು ಹೊಡೆಯಿತು. ಏಸಿ ಚಳಿಗೆ ನಾನು ಉಣ್ಣೆಯ ಸ್ವೆಟರು ಹಾಕಿದ್ದೆ. ಸ್ಥಾಯೀ ವಿದ್ಯುತ್ತು ಹುಟ್ಟಿಸುವ ಬಟ್ಟೆ ಇಲ್ಲಿ ನಿಷಿದ್ಧ ಎಂಬ ಹಳದಿ ಫಲಕ ನನ್ನ ನೆತ್ತಿಯ ಮೇಲೆಯೇ ತೂಗುತ್ತಿತ್ತು. ಜಂಪರು ಆ ಸ್ವೆಟರಿನ ತೋಳಿಗೇ ಅಂಟಿಕೊಂಡಿತ್ತು. ಕಂಡುಹಿಡಿದವರು ಅತಿಥಿಗಳು.

ಅಂತೂ ಚಿಪ್ಪು ಓ ಎಂದಿತು. ಆದರೆ ಸಂಜೆ ಲ್ಯಾಬು ಖಾಲಿಯಾದ ಮೇಲೆ ಕಿವಿಯ ಹತ್ತಿರ ಸಣ್ಣಗೆ ಗುಂಯ್. ಬೆಂಗಳೂರಿನಲ್ಲಿ ಈ ದನಿಗೆ ಒಂದೇ ಅರ್ಥ. ಸೆಕ್ಯುರಿಟಿಯವರ ಹತ್ತಿರ ಸೊಳ್ಳೆ ಬ್ಯಾಟು ಇಸಿದುಕೊಂಡು ಬಂದೆ. ಗಾಳಿಯಲ್ಲಿ ಬೀಸಿದೆ, ಕುರ್ಚಿ ಮೇಲೆ ಹತ್ತಿ ಬೀಸಿದೆ. ದನಿ ಮಾತ್ರ ನಿಂತಲ್ಲೇ ನಿಂತಿದೆ. ಕಿವಿಗೊಟ್ಟು ಹಿಂಬಾಲಿಸಿದರೆ ಬೋರ್ಡಿನ ಮೇಲೆಯೇ ಕೂತಿರಬೇಕು. ಉಸಿರು ಕಟ್ಟಿ ಹೋಗಿ ಪಟ್ಟನೆ ಬಡಿದೆ. ಚಟ್ ಎಂದು ಕಿಡಿ ಹಾರಿತು, ದನಿ ನಿಂತಿತು. ಸೊಳ್ಳೆಯ ಹೆಣಕ್ಕಾಗಿ ಬಹಳ ಹೊತ್ತು ಹುಡುಕಿದೆ.

ರಾತ್ರಿ ಶಿರಸಿಗೆ ಫೋನು ಮಾಡಿದಾಗ ಗೊತ್ತಾದದ್ದು, ಹಾಡುತ್ತಿದ್ದದ್ದು ಕೆಪಾಸಿಟರುಗಳಂತೆ. ಲೋಡು ಹಗುರಾದಾಗ ಕನ್ವರ್ಟರು ವಿದ್ಯುತ್ತು ಉಳಿಸಲು ಎಡೆಬಿಡದೆ ಮಿಡಿಯುವುದನ್ನು ಬಿಟ್ಟು ತಡೆತಡೆದು ಮಿಡಿಯುತ್ತದೆ. ಆ ಲಯ ಕಿವಿಗೆ ಕೇಳುವ ಮಟ್ಟಕ್ಕೆ ಇಳಿದರೆ, ವೋಲ್ಟೇಜಿನ ಏರಿಳಿತಕ್ಕೆ ಸೆರಾಮಿಕ್ ಕೆಪಾಸಿಟರುಗಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗಿ ಬೋರ್ಡನ್ನೇ ನಡುಗಿಸುತ್ತವೆ. ಸಂಗೀತ ಅದರದ್ದು. ಚಿಪ್ಪು ತಡೆದುಕೊಳ್ಳುವುದು ಹೆಚ್ಚೆಂದರೆ ಆರು ವೋಲ್ಟು, ಸೊಳ್ಳೆ ಬ್ಯಾಟಿನ ಜಾಲರಿಯಲ್ಲಿರುವುದು ನೂರಾರು. ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಲಗಡೆ ಬೀರುವಲ್ಲಿ ಇನ್ನೊಂದು ಬೋರ್ಡಿದೆ. ನೀನಿದ್ದೀಯ ಅಂತಲೇ ಎರಡು ತರಿಸಿದ್ದೆ” ಎಂದ. “ವೈರು ಉದ್ದ ಇದೆ ಅಂತೀಯಲ್ಲ, ಇನ್‌ಪುಟ್ಟಿಗೆ ಒಂದು ದೊಡ್ಡ ಕೆಪಾಸಿಟರು ಬೆಸುಗೆ ಹಾಕು. 100 ಮೈಕ್ರೊಫ್ಯಾರಡ್ ಆದರೂ ಇರಲಿ. ಇಲ್ಲದಿದ್ದರೆ ಸ್ವಿಚ್ ಹಾಕುವಾಗ ವೋಲ್ಟೇಜು ಮೇಲೆ ಕೆಳಗೆ ಕುಣಿಯುತ್ತೆ.”

ಬೀರುವಿನಲ್ಲಿ ಒಂದು ಹಳದಿ ಟ್ಯಾಂಟಲಮ್ ಕೆಪಾಸಿಟರು ಸಿಕ್ಕಿತು. ಒಂದು ತುದಿಗೆ ಪಟ್ಟೆ. ಪಟ್ಟೆ ಇದ್ದ ಕಡೆ ಮೈನಸ್ಸು ಎಂಬುದನ್ನು ಕಾಲೇಜಿನಲ್ಲಿ ಕಲಿತದ್ದು ನನಗೆ ಇಂದಿಗೂ ಕಂಠಪಾಠ. ಅಷ್ಟೂ ಎಡವಟ್ಟುಗಳ ನಡುವೆ ಇದೊಂದನ್ನಾದರೂ ಯಾರನ್ನೂ ಕೇಳದೆ ಸರಿಯಾಗಿ ಮಾಡುತ್ತಿದ್ದೇನೆಂಬ ಸಮಾಧಾನದಿಂದ, ಕನ್ನಡಕ ಮೂಗಿನ ತುದಿಗಿಳಿಸಿ, ನಾಲಿಗೆ ಹೊರಚಾಚಿ, ಮುತ್ತಿನಂಥ ಬೆಸುಗೆ ಹಾಕಿದೆ. ಕಾಲೇಜಿನಲ್ಲಿ ಕಲಿಸಿದ್ದು ಅಲ್ಯುಮಿನಿಯಂ ಕೆಪಾಸಿಟರಿನ ವಿಷಯ. ಟ್ಯಾಂಟಲಮ್ಮಿನಲ್ಲಿ ಪಟ್ಟೆ ಇದ್ದ ಕಡೆ ಪ್ಲಸ್ಸು. ಅದನ್ನು ತಿರುಗುಮುರುಗಾಗಿ ಹಾಕಿದರೆ ಬಿಸಿಯಾಗಿ ಸಿಡಿಯುತ್ತದೆ. ಕರೆಂಟಿನ ಮಿತಿ ಕಡಿಮೆ ಇದ್ದಿದ್ದರೆ ಬಚಾವು. ಮಿತಿಯ ಗುಂಡಿ ಎಲ್ಲಿತ್ತೆಂದು ನಿಮಗೆ ನೆನಪಿದೆ.

ಮರುದಿನ ಬೆಳಗ್ಗೆ ಎಲ್ಲರೂ ಬಂದ ಮೇಲೆಯೇ ಆನ್ ಮಾಡೋಣ, ನೋಡಲಿ ಎಂದುಕೊಂಡದ್ದು ಇನ್ನೊಂದು ಬುದ್ಧಿವಂತಿಕೆ. ಮ್ಯಾನೇಜರಿದ್ದರು, ಇಂಟರ್ನ್ ಇದ್ದಳು, ಕಾಫಿ ಬೂಟಿನವರೂ ಕುತೂಹಲದಿಂದ ಬಂದಿದ್ದರು, ಈ ಸಲ ಸ್ವಲ್ಪ ದೂರದಲ್ಲಿ ನಿಂತಿದ್ದರು. ಗುಂಡಿ ಒತ್ತಿದೆ. ಕ್ಷಣ ಮಾತ್ರ ಮೌನ. ಢಂ! ಕಿತ್ತಳೆ ಬಣ್ಣದ ಜ್ವಾಲೆಯೊಂದು ಎದ್ದು, ನನ್ನ ಹುಬ್ಬಿನ ಒಂದಂಶವನ್ನು ಸ್ವೀಕರಿಸಿ, ಹೊಗೆಯಾಗಿ ಚಾವಣಿಗೇರಿತು. ಚಾವಣಿಯಲ್ಲಿ ಸ್ಮೋಕ್ ಡಿಟೆಕ್ಟರು ಇತ್ತು. ಆ ಕಟ್ಟಡದಲ್ಲಿ ನಾನು ಬಂದ ಮೇಲೆ ಅತ್ಯಂತ ಸಮರ್ಪಕವಾಗಿ ಕೆಲಸ ಮಾಡಿದ ಉಪಕರಣ ಅದೊಂದೇ.

ಆರು ಮಹಡಿಯ ಸೈರನ್ನು ಒಟ್ಟಿಗೆ ಹೊಡೆದುಕೊಂಡಿತು. ಲಿಫ್ಟುಗಳು ನಿಂತವು. ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು. ಕ್ಯಾಂಟೀನಿನವರು ಸಾಂಬಾರಿನ ಒಲೆ ಆರಿಸಿ ಸೌಟಿನ ಸಮೇತ ಇಳಿದರು. ಇಂಟರ್‌ವ್ಯೂಗೆ ಬಂದಿದ್ದ ಹುಡುಗನೊಬ್ಬ ಅರ್ಧ ಉತ್ತರ ಹೇಳುತ್ತಲೇ ಇಳಿದ, ಪ್ರಶ್ನೆ ಕೇಳಿದವರು ತಲೆಯಾಡಿಸುತ್ತಲೇ ಇಳಿದರು. ಸಾವಿರಾರು ಜನ ಪಾರ್ಕಿಂಗಿನ ಬೇವಿನಮರದ ಕೆಳಗೆ ಸೇರಿದರು. ನಮ್ಮ ಮಹಡಿಯ ಫೈರ್ ಮಾರ್ಷಲ್ ಯಾರು, ತಲೆ ಲೆಕ್ಕ ಕೊಡಿ ಎಂದು ಧ್ವನಿವರ್ಧಕ ಕೂಗಿತು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೂಗಿತು. ಇಂಟರ್ನ್ ಮೆಲ್ಲಗೆ, “ಸರ್, ನೀವೇ” ಎಂದಳು. ಹೌದು, ಕೇಸರಿ ಜಾಕೆಟ್ಟು ಪುಕ್ಕಟೆ ಕೊಡುತ್ತಾರೆಂದು ಹೋದ ವರ್ಷ ನಾನೇ ಹೆಸರು ಕೊಟ್ಟಿದ್ದೆ. ಅರ್ಧ ಹುಬ್ಬು, ಮಸಿ ಮೆತ್ತಿದ ಮೂಗು, ಒಂದು ಕೈಯಲ್ಲಿ ಇನ್ನೂ ಹೊಗೆಯಾಡುವ ಬೋರ್ಡು, ಇನ್ನೊಂದು ಕೈಯಲ್ಲಿ ಪಟ್ಟಿ ಹಿಡಿದು, ಬೆಂಕಿಯಿಂದ ನಿಮ್ಮನ್ನು ಕಾಪಾಡಲು ನಾನಿದ್ದೇನೆಂಬ ಮುಖ ಮಾಡಿಕೊಂಡು ಒಬ್ಬೊಬ್ಬರ ಹೆಸರು ಕೂಗಿದೆ. ಎಲ್ಲರೂ ಇದ್ದರು. ಗೆಳೆಯನೊಬ್ಬ ಇಲ್ಲ ಎಂದು ಗಾಬರಿಯಿಂದ ಎರಡನೇ ಸಲ ಕೂಗಿದ ಮೇಲೆ, ಅವನು ಶಿರಸಿಯಲ್ಲಿದ್ದಾನೆಂದು ನೆನಪಾಯಿತು.

ಘಟನೆಯ ವರದಿ ಬರೆಯುವುದೂ ಮಾರ್ಷಲನ ಕೆಲಸವೇ. “ಕಾರಣಕರ್ತರು” ಎಂಬ ಜಾಗದಲ್ಲಿ ಹೆಸರು ಬರೆದು, “ತನಿಖಾಧಿಕಾರಿ” ಎಂಬ ಜಾಗದಲ್ಲಿ ಮೇಲಿನಂತೆ ಎಂದು ಬರೆದೆ. ವರದಿ ಓದಿದ ಸುರಕ್ಷತಾ ವಿಭಾಗದವರು, ಲ್ಯಾಬ್ ಸುರಕ್ಷತೆಯ ಬಗ್ಗೆ ಇಷ್ಟು ವಿಸ್ತಾರವಾದ ಅನುಭವ ಇನ್ನಾರಿಗೂ ಇಲ್ಲವೆಂದು ತೀರ್ಮಾನಿಸಿ, ಬರುವ ಮಂಗಳವಾರ ಕ್ಯಾಂಟೀನ್ ಹಾಲಿನಲ್ಲಿ ಎಲ್ಲ ಸಿಬ್ಬಂದಿಗೆ ತರಬೇತಿ ಕೊಡಲು ನನ್ನನ್ನೇ ನೇಮಿಸಿದ್ದಾರೆ. ಸೀಟುಗಳು ಈಗಾಗಲೇ ಭರ್ತಿಯಾಗಿವೆ. ಕಟ್ಟಡ ನಿರ್ವಹಣೆಯವರು ಮಾತ್ರ ದಿನಾ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಸಾರ್, ಪ್ರಾತ್ಯಕ್ಷಿಕೆ ಇದ್ರೆ ಕರೆಕ್ಟಾಗಿ ಎಷ್ಟು ಗಂಟೆಗೆ ಅಂತ ಹೇಳಿ. ಸಾಂಬಾರು ಮೊದಲೇ ಇಳಿಸಿಕೊಳ್ತೀವಿ.”